ಎಮ್ಮೆಯ ಮೂಗಿಗೆ ಹೊಡೆದ ಔಷಧಿ

"ಎಲ್ಲಮ್ಮ, ಮಗಳು ಕಣ್ಣಾಗ ಕಣ್ಣಿಟ್ಟು ನೋಡ್ತಾಳೇನ್ರಿ?" ಎಂದು ಬಳ್ಳಾರಿ ಗಾಂಧಿನಗರದ ಡಾಕ್ಟರು ರಶ್ಮಿ ಪ್ರತಿ ತಿಂಗಳೂ ಕೇಳುತ್ತಾರೆ. ನೋಡುವಂತಿದ್ದರೆ ಹಚ್ಚೊಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರಲು ನನಗೇನು ಹುಚ್ಚೇ? ಜ್ಯೋತಿಲಕ್ಷ್ಮಿಗೀಗ ಇಪ್ಪತ್ತೆರಡು. ಆಟಿಸಂ ಎಂದು ತಿಳಿದದ್ದೇ ಹತ್ತು ತುಂಬಿದ ಮೇಲೆ. ಬೇಕಾದ ನಾಲ್ಕು ಮಾತಾಡುತ್ತಾಳೆ, ಆದರೆ ನನ್ನನ್ನು ಒಮ್ಮೆಯೂ "ಅವ್ವಾ" ಎಂದು ಕರೆದಿಲ್ಲ. ಅದೊಂದು ಕೇಳಿಯೇ ಕಣ್ಣು ಮುಚ್ಚಬೇಕೆಂದು ನನ್ನ ಹಟ.

ಈಗ ಮೂಗಿಗೆ ಹೊಡೆಯುವ ಔಷಧಿಯ ಪರೀಕ್ಷೆ ನಡೆದಿದೆ, ಜ್ಯೋತಿಗೂ ಒಂದು ಸೀಸೆ ಕೊಟ್ಟಿದ್ದಾರೆ. ಹೆಸರು ಆಕ್ಸಿಟೋಸಿನ್. ತಾಯಿಗೆ ಎದೆಹಾಲು ಇಳಿಸುವ ಹಾರ್ಮೋನು ಅದು, ಜನರನ್ನು ಜನರಿಗೆ ಹತ್ತಿರ ಮಾಡೀತೇನೋ, ಖಾತ್ರಿಯಿಲ್ಲ ಎಂದರು ಡಾಕ್ಟರು. ನನಗೆ ನಗು ತಡೆಯಲಾಗಲಿಲ್ಲ. ಕರು ಸತ್ತ ಎಮ್ಮೆಗೆ ಕದ್ದುಮುಚ್ಚಿ ಚುಚ್ಚುವ ಸೂಜಿ ಅದು, ನಮ್ಮ ಓಣಿಯ ಜಂಬಣ್ಣನಿಗೂ ಗೊತ್ತು. ಆದರೆ ಅರ್ಧ ಜನರ ಸೀಸೆಯಲ್ಲಿ ಬರೀ ಉಪ್ಪುನೀರಂತೆ. ಯಾರದ್ದರಲ್ಲಿ ಏನೆಂದು ಡಾಕ್ಟರಿಗೂ ಗೊತ್ತಿಲ್ಲವಂತೆ.

ಅದೇ ನನ್ನ ತಲೆ ಕೊರೆಯಿತು. ನಮ್ಮ ಎಮ್ಮೆ ಹಾಲು ಬಿಡುವುದು ಜ್ಯೋತಿಯ ಕೈಗೆ ಮಾತ್ರ. ಅದರ ಮೂಗಿಗೆ ಜ್ಯೋತಿಯ ಔಷಧಿ ಹೊಡೆದಾಗ ನನಗೂ ಹಾಲು ಬಿಟ್ಟರೆ ಸೀಸೆಯಲ್ಲಿರುವುದು ಖರೆ ಔಷಧಿ, ಇಲ್ಲವಾದರೆ ಉಪ್ಪುನೀರು. ಡಾಕ್ಟರಿಗೆ ಹೊಳೆಯದ್ದು ನನಗೆ ಹೊಳೆಯಿತೆಂದು ಬೀಗಿದೆ.

ಸಂಜೆ ಎಮ್ಮೆಯ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಎರಡು ಸಲ ಹೊಡೆದೆ. ಅದು ನನ್ನ ಮುಖದ ತುಂಬ ಸೀನಿತು. ಕರೆಯಲು ಕೂತರೆ ಒಂದೇ ಒದೆತಕ್ಕೆ ಚೆಂಬು ಗೋಡೆಗೆ ಬಡಿಯಿತು.

ಸದ್ದಿಗೆ ಜ್ಯೋತಿ ಬಂದಳು. ಸೀಸೆ ಕಂಡವಳೇ ನನ್ನ ಕೈಯಿಂದ ಕಿತ್ತು ಕಿಟಕಿಯಲ್ಲಿಟ್ಟಳು.

"ಎದುರಿಗೆ ನಿಂದ್ರಬ್ಯಾಡ. ಅಂಜಿಕಿ ಆಗ್ತೈತಿ. ಬಾಜೂಕ ಕುಂದ್ರು."

ಕೂತೆ. ಮೊಣಕೈಗೆ ಮೊಣಕೈ ತಾಗುವಂತೆ ಅವಳೂ ಕೂತು, ಎಮ್ಮೆಯ ಹೊಟ್ಟೆಗೆ ಹಣೆಯಾನಿಸಿ ಕೆಚ್ಚಲು ನೇವರಿಸಿದಳು. ನಾನು ಎತ್ತಿ ಹಿಡಿದ ಚೆಂಬಿಗೆ ಹಾಲು ಸುರಿಯಿತು. ಔಷಧಿಗೋ, ಅವಳ ಕೈಗೋ? ನನ್ನ ಪರೀಕ್ಷೆ ಕೆಟ್ಟು ಕೆರ ಹಿಡಿಯಿತು.

ನಾನೂ ಎಮ್ಮೆಯನ್ನೇ ನೋಡುತ್ತ ಕೂತೆ. ಇಷ್ಟು ವರ್ಷ ಮಗಳ ಗದ್ದ ಹಿಡಿದು ನನ್ನ ಕಡೆ ತಿರುಗಿಸಿದ್ದು ನೆನಪಾಗಿ ನಾಚಿಕೆಯಾಯಿತು. ಆಗೆಲ್ಲ ಇವಳಿಗೂ ಅಂಜಿಕೆಯಾಗಿತ್ತೇನೋ.

"ಅವ್ವಾ, ಚೆಂಬು ಗಟ್ಟಿ ಹಿಡಿ" ಎಂದಳು.

ಅವಳ ಮುಖ ನೋಡಬೇಕೆಂದು ಕೊರಳು ಅರ್ಧ ತಿರುಗಿತ್ತು. ತಡೆದುಕೊಂಡೆ. ಎಮ್ಮೆಯ ಕಡೆಗೇ ನೋಡುತ್ತ ಚೆಂಬನ್ನು ಗಟ್ಟಿಯಾಗಿ ಹಿಡಿದೆ.