ಶಾಂತಿ ದಿನದ ವೀಳ್ಯ

ಗಂಡ ಸತ್ತು ಎರಡು ವರ್ಷವಾಗಿತ್ತು, ತಿಪ್ಪಕ್ಕನ ಕೈಗೆ ಯಾರೂ ವೀಳ್ಯ ಕೊಟ್ಟಿರಲಿಲ್ಲ. ಲೇಪಾಕ್ಷಿ ಹತ್ತಿರದ ಆ ಊರಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಎಲೆ ಅಡಿಕೆಯ ತಟ್ಟೆ ಅವಳನ್ನು ದಾಟಿ ಪಕ್ಕದವಳ ಮುಂದೆ ನಿಲ್ಲುತ್ತಿತ್ತು.

ಗಂಡ ಬೈಲಪ್ಪ ಕಾಯಿಲೆ ಬಂದು ಸತ್ತವನಲ್ಲ. ಬದುವಿನ ಜಗಳದಲ್ಲಿ ಅದೇ ಊರಿನ ಚಲಪತಿ ಹಾಡಹಗಲೇ ಮಚ್ಚಿನಿಂದ ಕಡಿದು ಹಾಕಿದ್ದ. ಕಣ್ಣಾರೆ ಕಂಡವನು ಪಕ್ಕದ ಹೊಲದ ಕೊಟ್ರೇಶ್ ಒಬ್ಬನೇ. ಕೇಸು ಹಿಂದೂಪುರದ ಕೋರ್ಟಿನಲ್ಲಿತ್ತು. ಕಲ್ಯಾಣದುರ್ಗದ ಅಣ್ಣ ಬಂದು ಬಂದು ಕರೆದರೂ ತಿಪ್ಪಕ್ಕ ಜಗ್ಗಲಿಲ್ಲ. ಚಲಪತಿ ಜೈಲಿಗೆ ಹೋಗುವುದನ್ನು ನೋಡಿಯೇ ಬರುತ್ತೇನೆ ಎಂದು ಪಟ್ಟು ಹಿಡಿದು ಕೂತಿದ್ದಳು.

ಅಕ್ಟೋಬರ್ ಎರಡನೇ ತಾರೀಖು ಊರ ಹಿರಿಯ ವೆಂಕಟರಾಯಪ್ಪ ಸ್ಕೂಲಿನ ಮುಂದೆ ಶಾಮಿಯಾನ ಹಾಕಿಸಿದ. ವಿಶ್ವಶಾಂತಿಯಂತೆ, ಅಹಿಂಸೆಯಂತೆ, ಇದ್ದಕ್ಕಿದ್ದಂತೆ ಊರಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ಯಾರ ಮೇಲೂ ಕೈ ಮಾಡುವುದಿಲ್ಲ ಎಂದು ಎಲ್ಲರೂ ಕೈ ಮುಂದೆ ಚಾಚಿ ಪ್ರಮಾಣ ಮಾಡಿದರು. ಜಾಮೀನಿನ ಮೇಲೆ ಹೊರಗಿದ್ದ ಚಲಪತಿಯೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೈ ಚಾಚಿದ. ಅದೇ ಕೈ! ಒಬ್ಬರಾದರೂ ಕೆಮ್ಮಬಾರದೆ?

ಆಮೇಲೆ ಮೈಕಿನಲ್ಲಿ ಮೊದಲ ಮರ್ಯಾದೆ ತಿಪ್ಪಕ್ಕನಿಗೆ ಎಂದರು. ವೇದಿಕೆ ಹತ್ತಿದರೆ ಎದುರಿಗೆ ಚಲಪತಿಯ ಹೆಂಡತಿ ಪ್ರಮೀಳಾ, ಕೈಯಲ್ಲಿ ತಟ್ಟೆ. ತಿಪ್ಪಕ್ಕ ಒಂದು ಗಳಿಗೆ ನಿಂತಳು. ಆ ಊರಲ್ಲಿ ಜಗಳ ರಾಜಿಯಾದರೆ ತಪ್ಪು ಮಾಡಿದವರು ಹತ್ತು ಜನರ ಮುಂದೆ ವೀಳ್ಯ ಕೊಡುತ್ತಾರೆ, ಈಸಿಕೊಂಡರೆ ಹಗೆ ಮುಗಿಯಿತು. ಅವಳಿಗದು ಗೊತ್ತಿಲ್ಲದ್ದಲ್ಲ. ಆದರೆ ಆ ವೀಳ್ಯ ಗಂಡಸರ ಕೈಗೆ ಹೋಗಿದ್ದನ್ನಷ್ಟೇ ಅವಳು ಕಂಡಿದ್ದಳು. ಹೆಂಗಸಿಗೆ ಹೆಂಗಸು ಕೊಡುವುದು ಮರ್ಯಾದೆಯ ವೀಳ್ಯವೇ ಇರಬೇಕು. ಗಂಡನ ಪಾಪಕ್ಕೆ ಇವಳ ಕರುಳು ಕರಗಿತೇನೋ ಅಂದುಕೊಂಡಳು. ಎರಡು ವರ್ಷದ ಮೇಲೆ ಅಂಗೈಗೆ ಎಲೆ ತಣ್ಣಗೆ ತಾಗಿತು. ತಿಪ್ಪಕ್ಕ ನಕ್ಕಳು.

"ತಿಪ್ಪಕ್ಕ ವೀಳ್ಯ ಈಸ್ಕಂಡ್ಲು ಕಣ್ರಪ್ಪ," ಎಂದ ವೆಂಕಟರಾಯಪ್ಪ ಮೈಕಿನಲ್ಲಿ. "ಇವತ್ತಿಗೆ ರಾಜಿ ಆಯ್ತು."

ಜನ ಚಪ್ಪಾಳೆ ತಟ್ಟಿದರು. ನಾನು ಅದಕ್ಕೆ ಈಸಿಕೊಳ್ಳಲಿಲ್ಲ ಎಂದು ತಿಪ್ಪಕ್ಕ ಕೂಗಿದಳು, ಎಲೆಯನ್ನು ತಟ್ಟೆಗೆ ಹಾಕಲು ಹೋದಳು. ಪ್ರಮೀಳಾ ತಟ್ಟೆ ಹಿಂದಕ್ಕೆಳೆದುಕೊಂಡಳು. ಕೊಟ್ಟ ವೀಳ್ಯವನ್ನು ಯಾರು ತಾನೇ ವಾಪಸು ತೆಗೆದುಕೊಳ್ಳುತ್ತಾರೆ? ಕೆಳಗೆ ಮಕ್ಕಳು ಶಾಂತಿ, ಶಾಂತಿ ಎಂದು ಕೂಗುತ್ತಿದ್ದವು.

ಸಂಜೆ ಕೊಟ್ರೇಶನ ಮನೆಗೆ ಓಡಿದಳು. ಆಗಿದ್ದನ್ನೆಲ್ಲ ಬಿಡಿಸಿ ಹೇಳಿ ಅತ್ತಳು. ಅವನು ತಲೆ ಎತ್ತಲಿಲ್ಲ.

"ನೀನೇ ಈಸ್ಕಂಬುಟ್ಟೆ ಕಣಕ್ಕ. ಇನ್ನ ನಾನೊಬ್ನೇ ಯಾಕೆ ಹಗೆ ಕಟ್ಕಳ್ಲಿ? ನಂಗೂ ಅವ್ನ ಬದುವಿನ ದಾರೀಲೇ ಹೊಲಕ್ಕೋಗಬೇಕು."

ಹಿಂದೂಪುರದ ಕೋರ್ಟಿನಲ್ಲಿ ಕೊಟ್ರೇಶ್ ತಾನೇನೂ ಕಾಣಲಿಲ್ಲ ಎಂದ. ಚಲಪತಿ ಬಿಡುಗಡೆಯಾಗಿ, ಅದೇ ಬಿಳಿ ಅಂಗಿಯಲ್ಲಿ, ಅವಳ ಮುಂದೆಯೇ ಮೆಟ್ಟಿಲಿಳಿದು ಹೋದ. ತಿಪ್ಪಕ್ಕ ಮನೆಗೆ ಬೀಗ ಹಾಕಿ ಕಲ್ಯಾಣದುರ್ಗದ ಬಸ್ಸು ಹತ್ತಿದಳು.

ಅಣ್ಣನ ಮೊಮ್ಮಗುವಿನ ನಾಮಕರಣದ ದಿನ ಅತ್ತಿಗೆ ನಿರ್ಮಲಮ್ಮ ಎಲೆ ಅಡಿಕೆ ಹಂಚುತ್ತಾ ಬಂದಳು. ಯಾರು ಏನಾದರೂ ಅಂದುಕೊಳ್ಳಲಿ ಎಂದು, ಒಳ್ಳೆಯ ಮನಸ್ಸಿನ ಹೆಂಗಸು, ತಟ್ಟೆಯನ್ನು ತಿಪ್ಪಕ್ಕನ ಮುಂದೆಯೇ ನಿಲ್ಲಿಸಿದಳು.

"ತಗಳಮ್ಮ, ನಮ್ಮನೇದು ಕಣಮ್ಮ," ಎಂದಳು.

ತಿಪ್ಪಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ಗೋಡೆಗೆ ಒತ್ತಿಕೊಂಡಳು.