ದೊಡ್ಡದು ಮಾಡಿ

ಮಸಿಬಟ್ಟೆಯನ್ನು ಎಲ್ಲಿ ತೂಗುಹಾಕಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ದೇಶದೇಶಗಳ ಗಡಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ಮುಗಿಸಿಬಿಡಬಹುದು. ಒಲೆಗೂ ಮಸಿಬಟ್ಟೆಗೂ ನಡುವಿನ ಗಡಿ ಗೊತ್ತಾಗಲು ಒಬ್ಬ ಅತ್ತೆ, ಒಬ್ಬ ಅಳಿಯ, ಒಂದು ಇಡೀ ಭಾನುವಾರ ಬೇಕಾದವು.

ಅತ್ತೆಯ ಮಸಿಬಟ್ಟೆ ಅವರು ಮದುವೆಯಾಗಿ ಬಂದ ದಿನದಿಂದಲೂ ಒಲೆಯ ನೆತ್ತಿಯ ಮೇಲಿನ ಮೊಳೆಯಲ್ಲಿ ತೂಗುತ್ತಿತ್ತು. ಬಟ್ಟೆಗಳು ಎಷ್ಟೋ ಬದಲಾಗಿದ್ದವು, ಮೊಳೆ ಬದಲಾಗಿರಲಿಲ್ಲ. ಬಿಸಿ ಪಾತ್ರೆ ಇಳಿಸುವ ಬಟ್ಟೆ ಬಿಸಿ ಪಾತ್ರೆಯ ಹತ್ತಿರ ಇರದೆ ಬಚ್ಚಲುಮನೆಯಲ್ಲಿ ಇರಬೇಕೇ ಎಂದು ಅವರು ಕೇಳುತ್ತಿದ್ದರು. ಕೇಳಿದಾಗಲೆಲ್ಲ ಅಳಿಯ ತಲೆ ಕೆರೆದುಕೊಳ್ಳುತ್ತಿದ್ದ. ಅವನು ಬಣ್ಣದ ಕಾರ್ಖಾನೆಯಲ್ಲಿ ಬೆಂಕಿ ಬೀಳದಂತೆ ನೋಡಿಕೊಳ್ಳುವ ಅಧಿಕಾರಿ. ಏನೂ ಆಗದಿದ್ದರೆ ಇವನಿಗೇಕೆ ಸಂಬಳ ಎನ್ನುತ್ತಾರೆ, ಏನಾದರೂ ಆದರೆ ಇವನಿಗೇಕೆ ಸಂಬಳ ಕೊಟ್ಟೆವು ಎನ್ನುತ್ತಾರೆ, ಅಂಥ ಕೆಲಸ.

ಮಗಳೂ ಅಳಿಯನೂ ಅತ್ತೆಯ ಮನೆಗೆ ಬಂದು ನೆಲೆಸಿದ್ದು ಈಚೆಗಷ್ಟೇ. ಬಂದ ಮೇಲೆ ಎರಡು ಪಾತ್ರೆ ತಳಹತ್ತಿ ಸೀದಿದ್ದವು. ಎರಡು ಸಲವೂ ಅತ್ತೆ ಫೋನಿನಲ್ಲಿ ತಂಗಿಯ ಹತ್ತಿರ ಲೋಕದ ಕಷ್ಟ ಸುಖ ಮಾತಾಡುತ್ತಿದ್ದರು. ಮೂರನೆಯದು ಸೀದರೆ ಗ್ಯಾಸ್ ಒಲೆ ಮನೆಯಿಂದ ಹೊರಗೆ, ಕರೆಂಟಿನ ಒಲೆ ಒಳಗೆ ಎಂದು ಮಗಳು ಹೇಳಿಬಿಟ್ಟಳು. ಅತ್ತೆಗೆ ಆ ರಾತ್ರಿ ಊಟ ಸೇರಲಿಲ್ಲ. ಕಣ್ಣಿಗೆ ಕಾಣದ ಬೆಂಕಿಯನ್ನು ನಂಬುವುದು ಹೇಗೆ? ಅದು ಹೊಟ್ಟೆಯೊಳಗೆ ಸಿಟ್ಟಿಟ್ಟುಕೊಂಡು ನಗುವವರ ಹಾಗೆ. ಉರಿ ಎಂದರೆ ಎದುರಿಗೆ ನಿಂತು ಉರಿಯಬೇಕು. ಒಲೆ ಉಳಿಯಬೇಕಾದರೆ ಅಳಿಯನ ಮಾತು ಕೇಳಲೇಬೇಕೆಂದು ಅವರು ನಿಶ್ಚಯಿಸಿದರು.

ಮಾತಿನ ವಿಷಯಕ್ಕೆ ಬಂದರೆ, ಅತ್ತೆಯ ಬಾಯಲ್ಲಿ ಅಪಶಕುನ ಸುಳಿಯುತ್ತಿರಲಿಲ್ಲ. ಹೊರಟವರು ‘ಹೋಗ್ತೀನಿ’ ಎಂದರೆ ಬಾಗಿಲಲ್ಲೇ ನಿಲ್ಲಿಸಿ ‘ಬರ್ತೀನಿ’ ಎನ್ನಿಸಿ ಕಳಿಸುತ್ತಿದ್ದರು. ಡಬ್ಬದಲ್ಲಿ ಉಪ್ಪು ಖಾಲಿಯಾದರೆ ‘ಉಪ್ಪು ಹೆಚ್ಚಿದೆ’ ಎನ್ನುತ್ತಿದ್ದರು. ಅಳಿಯ ಹೊಸದರಲ್ಲಿ ಅದನ್ನು ಕೇಳಿ, ಹಾಗಾದರೆ ತರುವುದು ಬೇಡವೆಂದು ಅಂಗಡಿಯಿಂದ ಬರಿಗೈಯಲ್ಲಿ ಬಂದಿದ್ದ. ಎರಡು ದಿನ ಮನೆಮಂದಿಯೆಲ್ಲ ಸಪ್ಪೆ ತಿಂದರು. ಆಗಲೇ ಅವನು ಇಡೀ ನಿಘಂಟನ್ನು ಕೇಳಿಕೊಳ್ಳಬೇಕಿತ್ತು. ಉಪ್ಪು ತಂದುಕೊಟ್ಟು ಸುಮ್ಮನಾದ.

ಆ ಭಾನುವಾರ ಬೆಳಿಗ್ಗೆ ಅಳಿಯ ಇಕ್ಕಳ ಹಿಡಿದು ಹಳೆಯ ಮೊಳೆಯನ್ನು ಕಿತ್ತ. ಹಲ್ಲು ಕೀಳಿಸಿಕೊಂಡವರ ಮುಖ ಮಾಡಿಕೊಂಡು ಅತ್ತೆ ನೋಡುತ್ತ ನಿಂತರು. ಕಿಟಕಿಯ ಪರದೆಯನ್ನು ಗಂಟು ಕಟ್ಟಿಸಿಕೊಂಡರು, ಹಳೇ ಪೇಪರಿನ ಕಟ್ಟನ್ನು ಒಲೆಯ ಪಕ್ಕದಿಂದ ಎತ್ತಿಸಿಕೊಂಡರು, ಎಣ್ಣೆ ಇಟ್ಟು ಒಲೆ ಬಿಟ್ಟು ಕದಲಬಾರದು ಎಂಬ ಉಪದೇಶಕ್ಕೂ ತಲೆಯಾಡಿಸಿದರು. ಆಮೇಲೆ ಆಲೂಗಡ್ಡೆ ಬಜ್ಜಿ ಕರಿಯಲು ಬಾಣಲೆಯಲ್ಲಿ ಎಣ್ಣೆ ಇಟ್ಟರು. ಅಷ್ಟರಲ್ಲಿ ಹೊರಬಾಗಿಲ ಗಂಟೆ ಸದ್ದು ಮಾಡಿತು.

ಹಿಂದಿನ ಅತ್ತೆಯಾಗಿದ್ದರೆ ಒಲೆಯನ್ನು ಅದರ ಪಾಡಿಗೆ ಬಿಟ್ಟು ಹೋಗುತ್ತಿದ್ದರು. ಈಗ ಉಪದೇಶ ನೆನಪಾಯಿತು. ಕೈಗೆಲ್ಲ ಹಿಟ್ಟು ಮೆತ್ತಿತ್ತು. ಅಳಿಯ ಅಡುಗೆಮನೆಯ ಬಾಗಿಲ ಹತ್ತಿರದ ಗೋಡೆಯಲ್ಲಿ ಮೊಳೆಗೆ ಜಾಗ ಹುಡುಕುತ್ತಿದ್ದ.

“ಒಲೆ ಸ್ವಲ್ಪ ದೊಡ್ಡದು ಮಾಡ್ಬಿಡಿ, ಬಂದೆ,” ಎಂದು ಹೇಳಿ ಅತ್ತೆ ಹೋದರು.

ದೀಪವಿರಲಿ ಒಲೆಯಿರಲಿ, ಆರಿಸು ಎನ್ನುವುದು ಅಶುಭ. ದೊಡ್ಡದು ಮಾಡು ಎನ್ನಬೇಕು. ಅವರ ಅಜ್ಜಿ ಹಾಗೆ ಅನ್ನುತ್ತಿದ್ದರು, ಅಮ್ಮ ಹಾಗೆ ಅನ್ನುತ್ತಿದ್ದರು. ಅಳಿಯನ ತವರಿನಲ್ಲಿ, ಗಂಡಸರಿಗೂ ತವರು ಎಂಬುದಿದ್ದರೆ, ಯಾರೂ ಹಾಗೆ ಅಂದಿರಲಿಲ್ಲ. ಅವನು ವಿಧೇಯನಾಗಿ ಉರಿಯನ್ನು ಪೂರ್ತಿ ದೊಡ್ಡದು ಮಾಡಿ, ಬೆನ್ನು ತಿರುಗಿಸಿ, ಮೊಳೆ ಹೊಡೆಯತೊಡಗಿದ.

ಹೊರಬಾಗಿಲಲ್ಲಿ ಇಸ್ತ್ರಿಯವನು ಬಟ್ಟೆಯ ಗಂಟು ಹಿಡಿದು ನಿಂತಿದ್ದ. ಒಂದು ಅಂಗಿ ಕಡಿಮೆಯಿದೆಯೆಂದು ಅವನಿಗೂ ಅತ್ತೆಗೂ ಚರ್ಚೆ ಬೆಳೆಯಿತು. ಅಂಗಿ ಸಿಕ್ಕಿ ಚರ್ಚೆ ಮುಗಿಯುವ ಹೊತ್ತಿಗೆ ಮೂಗಿಗೆ ಕಮಟು ವಾಸನೆ ಬಡಿಯಿತು. ಅತ್ತೆ ಓಡಿಬಂದು ನೋಡಿದರೆ ಬಾಣಲೆಯಲ್ಲಿ ಬೆಂಕಿ ಎದ್ದು ಕೂತಿದೆ. ಅಳಿಯ ಈಗತಾನೇ ತಿರುಗಿದ್ದಾನೆ. ಅತ್ತೆಯ ಕೈ ತಾನಾಗಿ ನೀರಿನ ಕೊಡಕ್ಕೆ ಹೋಯಿತು.

“ನೀರು ಬೇಡ ಅತ್ತೆ!”

ಅಳಿಯ ದೊಡ್ಡ ಸ್ಟೀಲ್ ತಟ್ಟೆಯನ್ನು ಬದಿಯಿಂದ ಸರಿಸಿ ಬಾಣಲೆಯ ಬಾಯಿ ಮುಚ್ಚಿದ, ಗುಂಡಿ ತಿರುಗಿಸಿ ಗ್ಯಾಸ್ ನಿಲ್ಲಿಸಿದ. ಸದ್ದಿಲ್ಲದೆ ಎಲ್ಲ ಮುಗಿಯಿತು. ಒಳಗೇನಾಗಿದೆಯೆಂದು ನೋಡಲು ಅತ್ತೆ ತಟ್ಟೆ ಎತ್ತಹೋದರೆ, ಪೂರ್ತಿ ತಣ್ಣಗಾಗುವವರೆಗೆ ಮುಟ್ಟಕೂಡದೆಂದು ತಡೆದ.

ಮಗಳು ಬಂದಳು. ಗೋಡೆ ನೋಡಿದಳು, ಬಾಣಲೆ ನೋಡಿದಳು. “ಮೂರನೇದು,” ಎಂದಳು.

“ನಾನು ದೊಡ್ಡದು ಮಾಡಿ ಅಂದೆ ಕಣೇ,” ಎಂದರು ಅತ್ತೆ. “ಇವರು ದೊಡ್ಡದು ಮಾಡಿದ್ರು.”

“ಅದನ್ನೇ ತಾನೇ ಅತ್ತೆ ನೀವು ಹೇಳಿದ್ದು?”

“ಹೇಳಿದ್ದು ಅದೇ. ಮಾಡ್ಬೇಕಾದ್ದು ಅದಲ್ಲ.”

ಮಗಳಿಗೆ ಅರ್ಥವಾಯಿತು. ನಗು ಬಂತು; ಬಂದದ್ದನ್ನು ಹಲ್ಲು ಕಚ್ಚಿ ನುಂಗಿದಳು. ಅವಳು ಗಂಡನಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಿದಳು. ಅವನು ಉಪ್ಪನ್ನು ನೆನೆಸಿಕೊಂಡು ನೆಲ ನೋಡಿದ.

ಅತ್ತೆಗೆ ಒಲೆಯ ಋಣ ತೀರಿತೆಂದೇ ಅನ್ನಿಸಿತ್ತು. ಆದರೆ ಅಳಿಯ ಬಾಯಿಬಿಟ್ಟ. “ಒಲೆ ಏನು ತಪ್ಪು ಮಾಡಿದೆ? ಎಣ್ಣೆ ಮುಂದೆ ಬೆನ್ನು ತಿರುಗಿಸಿದವನು ನಾನು. ಕರೆಂಟಿನ ಒಲೆಯಾಗಿದ್ರೂ ಅದನ್ನೂ ದೊಡ್ಡದೇ ಮಾಡ್ತಿದ್ದೆ.”

ಅತ್ತೆ ಗೋಡೆಯತ್ತ ತಿರುಗಿದರು. ಮಸಿಯ ನಾಲಗೆ ಹಳೆಯ ಮೊಳೆಯ ತೂತಿನವರೆಗೂ ಚಾಚಿತ್ತು. ಬಟ್ಟೆ ಅಲ್ಲೇ ತೂಗುತ್ತಿದ್ದರೆ, ಮೇಲಿನ ಮರದ ಕಪಾಟು, ಅದರ ಪಕ್ಕದ ಪರದೆ... ಅವರು ಮುಂದೆ ಲೆಕ್ಕ ಹಾಕಲಿಲ್ಲ. ಕೆಳಗೆ ಬಿದ್ದಿದ್ದ ಮಸಿಬಟ್ಟೆಯನ್ನು ಎತ್ತಿ ಕೊಡವಿ, ಬಾಗಿಲ ಹತ್ತಿರದ ಹೊಸ ಮೊಳೆಗೆ ತಾವೇ ಹಾಕಿದರು. ಮೊಳೆ ಸ್ವಲ್ಪ ಸೊಟ್ಟಗಿತ್ತು. ಅದನ್ನು ಮಾತ್ರ ಹೇಳದೆ ಬಿಡಲಿಲ್ಲ.

ಉಳಿದದ್ದು ಪದದ ಪ್ರಶ್ನೆ. ಇನ್ನು ಮೇಲೆ ಆರಿಸು ಅನ್ನಬೇಕೆಂದು ಮಗಳು ಪಟ್ಟು ಹಿಡಿದಳು. ಅತ್ತೆ ಬಾಯಿ ತೆರೆದರು, ‘ಆ’ ಬಂದಿತು, ‘ರಿ’ ಬರಲಿಲ್ಲ. ಕೊನೆಗೆ ಅಳಿಯನೇ ‘ಆಫ್’ ಎಂಬ ದಾರಿ ತೋರಿಸಿದ. ಬೇರೆಯವರ ಭಾಷೆಯ ಅಶುಭ ನಮ್ಮ ಮನೆಗೆ ತಟ್ಟಲಿಕ್ಕಿಲ್ಲವೆಂದು ಅತ್ತೆ ಯೋಚಿಸಿ ಒಪ್ಪಿದರು.

ಬಾಣಲೆಯನ್ನು ಎಸೆದರು. ಒಲೆ ಉಳಿಯಿತು.