ಬಿಳಿ ಬಳಿಯದ ಕ್ಯಾನ್ವಾಸು

"ತೂಗುಹಾಕ್ಲಾ, ಬೇಡ್ವಾ? ಒಂದು ಹೇಳು. ಸುತ್ತಿಗೆ ಹಿಡ್ಕೊಂಡು ಕೈ ಸೋತುಹೋಯ್ತು," ಎಂದ ಗಂಡ, ಸ್ಟೂಲಿನ ಮೇಲೆ ನಿಂತುಕೊಂಡೇ.

ಬೆಳಗಿನಿಂದ ಆ ಚಿತ್ರ ಮೂರು ಸಲ ಗೋಡೆ ಹತ್ತಿ ಮೂರು ಸಲ ಇಳಿದಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು, ಉಗುರು ಕಚ್ಚಿದಳು, ಮತ್ತೆ ನೋಡಿದಳು.

"ಬೇಡ. ಒಳಗಿನ ಕೋಣೇಲಿ ಗೋಡೆಗೆ ಒರಗಿಸಿಬಿಡಿ. ಮೇಲೊಂದು ಬೆಡ್‌ಶೀಟ್ ಹೊದಿಸಿ."

"ಹೊದಿಸಿದ್ರೆ ಇನ್ನೂ ಎದ್ದು ಕಾಣುತ್ತೆ. ನನ್ನ ಕೇಳಿದ್ರೆ, ಅವರು ಬಾಗಿಲಲ್ಲಿ ಚಪ್ಪಲಿ ಬಿಡೋವಾಗಲೇ ಹೇಳಿಬಿಡು. ಹಲ್ಲು ಕಿತ್ತ ಹಾಗೆ. ಒಂದೇ ಎಳೆತ."

ಅವನು ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಅವನ ಹೋಲಿಕೆಗಳೆಲ್ಲ ಬಾಯಿಯೊಳಗಿಂದಲೇ ಬರುತ್ತಿದ್ದವು.

"ನೀವು ಹಲ್ಲು ಕಟ್ಟೋರು, ಕೀಳೋರಲ್ಲ. ನಿಮಗೇನು ಗೊತ್ತು ಆ ನೋವು," ಎಂದಳು ಅವಳು. ಅವನು ನಗುತ್ತ ಚಿತ್ರವನ್ನು ಒಳಗೆ ಒಯ್ದು, ಬೆಡ್‌ಶೀಟು ಹೊದಿಸಿ, ಊಟದ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೊರಟುಹೋದ.

ಹನ್ನೊಂದು ಗಂಟೆಗೆ ಅವಳ ಕಲಾಶಾಲೆಯ ಮೇಷ್ಟ್ರು ಬರುವವರಿದ್ದರು. ಹೋದ ವಾರ ಫೋನು ಮಾಡಿದ್ದರು. "ಕಣ್ಣಿನ ಪೊರೆ ತೆಗೆಸಿದೆ ಕಣೇ. ನೀಲಿ ಇಷ್ಟು ನೀಲಿ ಅನ್ನೋದೇ ಮರೆತುಹೋಗಿತ್ತು. ನಿನ್ನ ಮನೇಲಿ ಬೇರೆಯವರ ಚಿತ್ರ ಗೋಡೆ ತುಂಬ ಇದೆಯಂತೆ, ಪೇಪರಲ್ಲಿ ಓದಿದೆ. ಈ ಹೊಸ ಕಣ್ಣಲ್ಲಿ ಅದನ್ನೆಲ್ಲ ಒಂದು ಸಲ ನೋಡ್ಬೇಕು. ಇವಳನ್ನೂ ಕರ್ಕೊಂಡು ಬರ್ತೀನಿ." ಅವಳು "ಬನ್ನಿ ಸರ್, ಬನ್ನಿ" ಎಂದು ಸಂಭ್ರಮದಿಂದಲೇ ಹೇಳಿ ಫೋನಿಟ್ಟಳು. ಆಮೇಲೆ ಎರಡು ದಿನ ಕುಂಚ ಮುಟ್ಟಲಾಗಲಿಲ್ಲ.

ಹಾಗೆ ಎರಡು ದಿನ ಸುಮ್ಮನೆ ಕೂತವಳಲ್ಲ ಅವಳು. ಹದಿನಾಲ್ಕು ವರ್ಷ ಒಂದು ಛಾಪಖಾನೆಯಲ್ಲಿ ಸೋಪಿಗೂ ಕೆಮ್ಮಿನ ಔಷಧಿಗೂ ಲೇಬಲ್ಲು ಬರೆದು, ಮೂವತ್ತಾರನೆಯ ವಯಸ್ಸಿಗೆ ಆ ಕೆಲಸ ಬಿಟ್ಟು, ಅಲ್ಲಿಂದೀಚೆಗೆ ಹದಿಮೂರು ವರ್ಷ ಚಿತ್ರವನ್ನೇ ಮಾಡುತ್ತ ಬಂದಿದ್ದಳು. ಬೆಳಿಗ್ಗೆ ಎಂಟಕ್ಕೆ ಮಹಡಿಯ ಕೋಣೆ ಸೇರಿದರೆ ಹಸಿವು ಬಂದು ಎಬ್ಬಿಸುವವರೆಗೆ ಕೆಳಗಿಳಿಯುತ್ತಿರಲಿಲ್ಲ. ತಲೆಗೂದಲಲ್ಲಿ ಸದಾ ಟರ್ಪೆಂಟೈನಿನ ವಾಸನೆ. ಚಿತ್ರ ಮಾರಾಟವಾದ ದಿನ ಮನೆಗೆ ಮೊದಲು ಬರುತ್ತಿದ್ದದ್ದು ಇನ್ನೊಬ್ಬರ ಚಿತ್ರ. ಮಾರಾಟವಾಗದ ದಿನಗಳಲ್ಲಿ ತನ್ನದೊಂದನ್ನು ಕೊಟ್ಟು ಗೆಳೆಯರದೊಂದನ್ನು ಬದಲಿಗೆ ತರುತ್ತಿದ್ದಳು. ಹಾಗೆ ಕೂಡಿದವು ಎಪ್ಪತ್ತೊಂದು. ನಡುಮನೆ, ಮೆಟ್ಟಿಲು, ಅಡುಗೆಮನೆಯ ಬಾಗಿಲ ಮೇಲ್ಗಡೆ, ಎಲ್ಲ ಕಡೆ. "ಸುಣ್ಣ ಬಣ್ಣದ ಖರ್ಚು ಉಳೀತು," ಎನ್ನುತ್ತಿದ್ದ ಗಂಡ. ಆದರೆ ಅವಳಿಗೆ ಅವು ಅಲಂಕಾರಕ್ಕಿರಲಿಲ್ಲ. ಕೆಲಸ ಕೈಗೆ ಹತ್ತದ ದಿನ ಕೆಳಗಿಳಿದು ಬಂದು ಯಾವುದಾದರೂ ಒಂದರ ಎದುರು ನಿಲ್ಲುತ್ತಿದ್ದಳು. ಇವರೂ ಇಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರು, ಹೇಗೋ ಪಾರಾದರು ಎನ್ನಿಸುತ್ತಿತ್ತು. ಅಷ್ಟು ಸಾಕಾಗುತ್ತಿತ್ತು ಮತ್ತೆ ಮಹಡಿ ಹತ್ತಲು.

ಬಂದವರೆಲ್ಲ ಕೇಳುವ ಮಾತೊಂದಿತ್ತು: "ಇದರಲ್ಲಿ ಮೊದಲನೆಯದು ಯಾವುದು?" ಅವಳು ಮೆಟ್ಟಿಲ ಪಕ್ಕದಲ್ಲಿದ್ದ, ಸಹಪಾಠಿಯೊಬ್ಬಳ ಪುಟ್ಟ ಮರದಚ್ಚಿನ ಚಿತ್ರ ತೋರಿಸುತ್ತಿದ್ದಳು. ಅದು ಸುಳ್ಳು. ಮೊದಲನೆಯದು ಇಷ್ಟು ವರ್ಷವೂ ಬೀರುವಿನ ಹಿಂದೆ ಇತ್ತು; ಇವತ್ತು ಬೆಳಿಗ್ಗೆ ಗೋಡೆ ಹತ್ತಿ ಇಳಿದದ್ದು ಅದೇ.

ಇಪ್ಪತ್ತೆಂಟು ವರ್ಷದ ಹಿಂದೆ, ಕಲಾಶಾಲೆಯ ಕೊನೆಯ ಪರೀಕ್ಷೆಗೆ ಅವಳ ಹತ್ತಿರ ಕ್ಯಾನ್ವಾಸು ಇರಲಿಲ್ಲ. ಅದನ್ನು ಹೇಗೋ ತಿಳಿದ ಮೇಷ್ಟ್ರು ತಮ್ಮ ಕೋಣೆಗೆ ಕರೆದು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ದೊಡ್ಡದೊಂದನ್ನು ಕೊಟ್ಟಿದ್ದರು. "ಇದು ಕೆಟ್ಟುಹೋಯ್ತು. ಎರಡು ಕೋಟು ಬಿಳಿ ಬಳಿದು ಉಪಯೋಗಿಸ್ಕೊ," ಎಂದು ಮುಖವನ್ನೂ ಎತ್ತದೆ ಹೇಳಿದ್ದರು. ತನ್ನ ಕೋಣೆಗೆ ಒಯ್ದು ತಿರುಗಿಸಿ ನೋಡಿದರೆ, ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತ ಹೆಂಗಸು. ಮೇಷ್ಟ್ರ ಹೆಂಡತಿ. ಅವಳು ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದಳು, ಅಗಲದ ಬ್ರಷ್ಷು ಅದ್ದಿದಳು, ಎತ್ತಿದಳು. ಆ ಮುಖದ ಮೇಲೆ ಕೈ ಹೋಗಲಿಲ್ಲ. ಬಣ್ಣ ಬ್ರಷ್ಷಿನಲ್ಲೇ ಒಣಗಿತು. ಕೊನೆಗೆ ಹಳೆಯ ಕಿಟಕಿ ಪರದೆಯೊಂದಕ್ಕೆ ಅಂಟು ಬಳಿದು, ಚೌಕಟ್ಟಿಗೆ ಬಿಗಿದು ಪರೀಕ್ಷೆ ಮುಗಿಸಿದಳು. "ಬಳಿದಾಯ್ತಾ?" ಎಂದು ಮೇಷ್ಟ್ರು ಕೇಳಿದಾಗ "ಆಯ್ತು ಸರ್" ಎಂದಿದ್ದಳು. ಮಾಡಿದವನೇ ಬೇಡವೆಂದ ಚಿತ್ರವನ್ನು ಇಟ್ಟುಕೊಳ್ಳುವುದು ಕಳ್ಳತನವೋ ಅಲ್ಲವೋ ಎಂಬುದು ಅವಳಿಗೆ ಇವತ್ತಿನವರೆಗೂ ಬಗೆಹರಿದಿರಲಿಲ್ಲ. ಅದೇ ಅಳುಕಿನಿಂದ ಮೇಷ್ಟ್ರ ಮನೆಗೆ ಹೋಗುವುದೂ ಕಡಿಮೆಯಾಗಿತ್ತು.

ಹನ್ನೊಂದೂ ಕಾಲಿಗೆ ಟ್ಯಾಕ್ಸಿ ಬಂತು. ಮೇಷ್ಟ್ರು ಚಪ್ಪಲಿ ಬಿಟ್ಟವರೇ "ಹೇಗಿದ್ದೀಯ" ಎಂದು ಕೂಡ ಕೇಳದೆ ಗೋಡೆಯ ಕಡೆ ನಡೆದರು. ಒಂದೇ ಎಳೆತಕ್ಕೆ ಅವಕಾಶವೇ ಸಿಗಲಿಲ್ಲ. ಅವಳು ಅಮ್ಮನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಮೇಷ್ಟ್ರ ಹೆಂಡತಿಯನ್ನು ಕಲಾಶಾಲೆಯ ಹುಡುಗರೆಲ್ಲ ಕರೆಯುತ್ತಿದ್ದದ್ದೇ ಅಮ್ಮ ಎಂದು.

ಮೇಷ್ಟ್ರು ಒಂದೊಂದಕ್ಕೂ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದರು. "ಇವನು ನೆರಳಿಗೆ ಕಪ್ಪು ಹಾಕೇ ಇಲ್ಲ ನೋಡು, ಬುದ್ಧಿವಂತ." "ಇದ್ಯಾರು? ಅರ್ಧಕ್ಕೇ ನಿಲ್ಲಿಸಿದ್ದಾಳೆ. ನಿಲ್ಲಿಸೋದು ಕಲಿಯೋಕೆ ನನಗೆ ಮೂವತ್ತು ವರ್ಷ ಬೇಕಾಯ್ತು." ಅವರ ದನಿಯಲ್ಲಿ ಹಳೆಯ ಗಡಸು ಇರಲಿಲ್ಲ.

ಅಮ್ಮ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಸುತ್ತ ನೋಡಿದರು. "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯಮ್ಮ. ನನ್ನದೂ ಒಂದಿದೆ ಗೊತ್ತಾ, ಯಾರದೋ ಮನೇಲಿ? ಇವರು ಬರೆದದ್ದು. ಮೂರು ತಿಂಗಳು ಕೂರಿಸಿದ್ರು. ಅಲ್ಲಾಡಂಗಿಲ್ಲ, ಕೆಮ್ಮಂಗಿಲ್ಲ."

ಅವಳ ಕೈಯಲ್ಲಿದ್ದ ಕೆಟಲ್ಲು ನಿಂತಿತು.

"ಹಳೇದೆಲ್ಲ ಯಾಕೆ ಈಗ," ಎಂದರು ಮೇಷ್ಟ್ರು ಗೋಡೆಗೇ ಮುಖ ಮಾಡಿಕೊಂಡು.

"ಯಾಕೆ ಅಂದ್ರೆ? ಅದು ನಮಗೆ ಅನ್ನ ಹಾಕಿದ ಚಿತ್ರ. ಮುಗಿದದ್ದನ್ನ ನಾನು ನೋಡ್ಲೇ ಇಲ್ಲಮ್ಮ. ಒಣಗ್ಲಿ ತಾಳು ಅಂದ್ರು, ಒಣಗೋದ್ರೊಳಗೆ ಮಾರಿಹೋಯ್ತು. ಯಾರೋ ಪರದೇಶದವರು ತಗೊಂಡ್ರಂತೆ. ಆ ದುಡ್ಡಲ್ಲಿ ನನಗೊಂದು ಹಳೇ ಹೊಲಿಗೆ ಮಷೀನು ತಂದುಕೊಟ್ರು. ಮಾರನೇ ವರ್ಷ ಇವರು ಕೆಲಸ ಬಿಟ್ಟು ಮನೇಲೇ ಕೂತು ಚಿತ್ರ ಮಾಡ್ತೀನಿ ಅಂದಾಗ ಆ ಮಷೀನು ತುಳಿದೇ ಅಲ್ವಾ ನಾನು ಮನೆ ನಡೆಸಿದ್ದು? ಸಾಯೋದ್ರೊಳಗೆ ಒಂದು ಸಲ ಅದನ್ನ ನೋಡ್ಬೇಕು ಅಂತ ಆಸೆ. ಎಲ್ಲಿದೆಯೋ ಏನೋ."

ಅವಳು "ಹಾಲು ತರ್ತೀನಿ" ಎಂದು ಅಡುಗೆಮನೆಗೆ ಹೋದಳು. ಹಾಲು ಮೇಜಿನ ಮೇಲೇ ಇತ್ತು. ಒಲೆಯ ಕಟ್ಟೆ ಹಿಡಿದು ನಿಂತಳು. ಮಾರಾಟದ ಕಥೆ ಅವಳು ಕೇಳಿಯೇ ಇರಲಿಲ್ಲ. ಈಗ ಬೆಡ್‌ಶೀಟು ಸರಿಸಿದರೆ ಬಯಲಾಗುವುದು ಅವಳ ಸುಳ್ಳೊಂದೇ ಅಲ್ಲ.

ಹಿಂದೆಯೇ ಮೇಷ್ಟ್ರು ಬಂದರು. ನೀರಿನ ಲೋಟಕ್ಕೆ ಕೈ ಚಾಚಿ, ಕುಡಿಯದೆ, ತಗ್ಗಿದ ದನಿಯಲ್ಲಿ ಅಂದರು: "ನಿನಗೆ ಗೊತ್ತಲ್ಲ. ಬಿಳಿ ಬಳಿದವಳು ನೀನೇ. ಪ್ರದರ್ಶನದವರು ಬೇಡ ಅಂತ ವಾಪಸ್ ಕಳಿಸಿದ್ರು. ಮೂರು ತಿಂಗಳು ಕೂತವಳಿಗೆ ಯಾವ ಬಾಯಲ್ಲಿ ಹೇಳ್ಲಿ? ಮಾರಿಹೋಯ್ತು ಅಂದುಬಿಟ್ಟೆ. ಅವಳ ಹತ್ರ ಬಾಯಿ ಬಿಡ್ಬೇಡ ಕಣಮ್ಮ. ಇಷ್ಟು ವರ್ಷ ಆಗಿದೆ."

ಗಟ್ಟಿ ದನಿಯ ಮೇಷ್ಟ್ರು ಹೀಗೆ ಅಂಗಲಾಚುವುದನ್ನು ಅವಳು ಕಂಡಿರಲಿಲ್ಲ. ಮಾತು ತಾನಾಗಿ ಹೊರಬಿತ್ತು.

"ಸರ್, ನಾನು ಬಳೀಲಿಲ್ಲ."

"ಏನು?"

"ಬಿಳಿ ಬಳೀಲಿಲ್ಲ ಸರ್. ಕೈ ಬರ್ಲಿಲ್ಲ. ಒಳಗಿನ ಕೋಣೇಲಿದೆ."

ಮೇಷ್ಟ್ರು ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಅವಳು ಬೈಗುಳಕ್ಕೆ ಕಾದಳು. ಅವರು ಕೇಳಿದ್ದು, "ಮತ್ತೆ ಪರೀಕ್ಷೆಗೆ ಯಾವುದರ ಮೇಲೆ ಮಾಡಿದೆ?"

"ಕಿಟಕಿ ಪರದೆಗೆ ಅಂಟು ಬಳಿದು..."

"ಅದಕ್ಕೇ ಅದು ಹಾಗೆ ಸುಕ್ಕಾಗಿತ್ತು! ಕ್ಯಾನ್ವಾಸು ಬಿಗಿಯೋಕೂ ಬರಲ್ಲ ಈ ಹುಡುಗಿಗೆ ಅಂತ ಹತ್ತು ಅಂಕ ಕಿತ್ತಿದ್ದೆನಲ್ಲೇ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಮೇಷ್ಟ್ರು ಆಗಲೇ ಕೋಣೆಯ ಕಡೆ ತಿರುಗಿದ್ದರು.

ಬೆಡ್‌ಶೀಟು ಅವರೇ ಎಳೆದರು. ಹತ್ತಿರ ಹೋದರು, ದೂರ ಬಂದರು, ಕಣ್ಣುಜ್ಜಿಕೊಂಡರು. ಕಿಟಕಿಯ ಬೆಳಕು ಚಿತ್ರದ ಹೆಂಗಸಿನ ಕೆನ್ನೆಯ ಮೇಲೆ ಹಸಿರಾಗಿ ಬಿದ್ದಿತ್ತು, ಕತ್ತಿನ ಬಳಿ ನೇರಳೆಯಾಗಿತ್ತು. "ಇದನ್ನ ನಾನು ಮಾಡಿದ್ನಾ?" ಎಂದು ತಮಗೇ ಹೇಳಿಕೊಂಡರು. ಆಮೇಲೆ, "ಎಡಗೈ ಮಾತ್ರ ಕೆಟ್ಟುಹೋಗಿದೆ. ಅವತ್ತೂ ಅದೇ. ಎಷ್ಟು ಸಲ ಕೆರೆದು ಬರೆದೆ. ಮರದ ಕೈ ಥರ." ಅಷ್ಟು ಹೇಳಿ ಬಾಗಿಲಿಗೆ ಬಂದು, ಕದ ಹಿಡಿದುಕೊಂಡು, ನಡುಮನೆಯ ಕಡೆ ಕೂಗಿದರು.

"ಬಾರೇ ಇಲ್ಲಿ. ನೋಡು ಬಾ."

ಅಮ್ಮ ಚಹಾದ ಲೋಟ ಹಿಡಿದುಕೊಂಡೇ ಬಂದರು. ಹೊಸ್ತಿಲಲ್ಲೇ ನಿಂತರು. ಲೋಟವನ್ನು ಅವಳ ಕೈಗೆ ಕೊಟ್ಟು, ಚಿತ್ರದ ಎದುರು ಮಂಚದ ಅಂಚಿನ ಮೇಲೆ ಕೂತರು.

"ಪರದೇಶದವರು?" ಎಂದರು.

"ಯಾರೂ ಇಲ್ಲ. ಸುಳ್ಳು ಹೇಳಿದ್ದೆ."

"ಹಾಗಾದ್ರೆ ಮಷೀನು ಎಲ್ಲಿಂದ ಬಂತು?"

ಮೇಷ್ಟ್ರು ನೆಲ ನೋಡಿದರು. "ಸೈಕಲ್."

"ಸೈಕಲ್ ಕಳುವಾಗಿತ್ತಲ್ರೀ!"

"ಮಾರಿದ್ದೆ."

ಅಮ್ಮ ಅವರತ್ತ ತಿರುಗಿದರು. "ಎರಡು ವರ್ಷ ಕಾಲ್ನಡಿಗೇಲಿ ಓಡಾಡಿದ್ರಿ, ಆರೋಗ್ಯಕ್ಕೆ ಒಳ್ಳೇದು ಅಂತ. ಆ ಕಳ್ಳನಿಗೆ ದಿನಾ ಬೆಳಿಗ್ಗೆ ಎದ್ದು ಶಾಪ ಹಾಕ್ತಿದ್ದೆ ನಾನು!"

"ತಟ್ಟಿದೆ ಬಿಡು. ಮಂಡಿ ನೋವು ಮತ್ತೆ ಎಲ್ಲಿಂದ ಬಂತು ಅಂದ್ಕೊಂಡೆ?"

ಅಮ್ಮನ ಹೆಗಲು ಅದುರಿತು. ಅಳುತ್ತಿದ್ದಾರೆಂದು ಅವಳು ಹತ್ತಿರ ಬಂದಳು. ಅಮ್ಮ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು, ಕೆಮ್ಮು ಹತ್ತುವಷ್ಟು. ಮೇಷ್ಟ್ರೂ ಪಕ್ಕದಲ್ಲಿ ಕೂತುಬಿಟ್ಟರು, ಭುಜದ ಮೂಟೆ ಇಳಿಸಿದವರ ಹಾಗೆ. ನಗು ಇಳಿದ ಮೇಲೆ ಅಮ್ಮ ಚಿತ್ರದ ಕಡೆ ಬೆರಳು ತೋರಿಸಿದರು.

"ಮೂಗು ಸ್ವಲ್ಪ ದೊಡ್ಡದು ಮಾಡಿದ್ದೀರಿ. ಇರ್ಲಿ. ಆದ್ರೆ ಕೈ ಹಾಗೇ ಇತ್ತು."

"ಯಾವ ಕೈ?"

"ಎಡಗೈ. ಕುರ್ಚಿ ಬೆನ್ನಿನ ಮೇಲೆ ಇಡಿಸಿದ್ರಲ್ಲ, ಅರ್ಧ ಗಂಟೇಲೇ ಜೋಮು ಹಿಡೀತಿತ್ತು. ನನ್ನ ಕೈ ಅಂತಲೇ ಅನ್ನಿಸ್ತಿರ್ಲಿಲ್ಲ. ಹೇಳಿದ್ರೆ ರೇಗ್ತೀರಿ ಅಂತ ಸುಮ್ಮನಿದ್ದೆ."

ಮೇಷ್ಟ್ರು ಎದ್ದು ಮತ್ತೆ ಚಿತ್ರದ ಹತ್ತಿರ ಹೋದರು. ಆ ಕೈಯನ್ನು ಬಹಳ ಹೊತ್ತು ನೋಡಿದರು. ತೋರುಬೆರಳಿನಿಂದ, ತಾಗಿಯೂ ತಾಗದ ಹಾಗೆ, ಚಿತ್ರದ ಮಣಿಕಟ್ಟಿನ ಮೇಲೆ ಗಾಳಿಯಲ್ಲಿ ಒಮ್ಮೆ ಸವರಿದರು.

"ನೀವೇ ತಗೊಂಡು ಹೋಗಿ ಸರ್," ಎಂದಳು ಅವಳು. ಬೆಳಿಗ್ಗೆ ಆ ಮಾತು ಹೇಳಬೇಕಾದೀತೆಂಬ ಭಯಕ್ಕೇ ಚಿತ್ರವನ್ನು ಮೂರು ಸಲವೂ ಗೋಡೆಯಿಂದ ಇಳಿಸಿದ್ದಳು. ಈಗ ಅದು ಸಲೀಸಾಗಿ ಬಂತು.

"ಛೆ, ನಮ್ಮ ಮನೇಲಿ ಜಾಗ ಎಲ್ಲಿದೆ? ಕೊಟ್ಟದ್ದನ್ನ ವಾಪಸ್ ತಗೊಳ್ಳೋದೂ..." ಎಂದು ಮೇಷ್ಟ್ರು ಶುರುಮಾಡಿದರು.

"ಕೂತವಳು ನಾನು. ನಾನು ಯಾರಿಗೂ ಕೊಟ್ಟಿಲ್ಲ," ಎಂದರು ಅಮ್ಮ. "ಮಂಚದ ಕೆಳಗೆ ತುರುಕಿಟ್ಟಿರೋ ನಿಮ್ಮ ಬೆಟ್ಟಗುಡ್ಡದ ಚಿತ್ರ ಎರಡು ತೆಗೆದು ಇದಕ್ಕೆ ಬದಲು ಇವಳಿಗೆ ಕೊಡಿ. ಬದಲಿಗೆ ಬದಲು. ಇವಳು ಹಾಗೇ ಅಲ್ವಾ ಕೂಡಿಸಿದ್ದು?"

"ಒಂದಕ್ಕೆ ಎರಡಾ?"

"ಇಷ್ಟು ವರ್ಷ ಕಾಪಾಡಿದ್ದಕ್ಕೆ ಇನ್ನೊಂದು. ಆಗಲೇ ಹಾಲು ತರ್ತೀನಿ ಅಂತ ಹೋದವಳು ಇನ್ನೂ ತಂದಿಲ್ಲ. ಅಷ್ಟರಲ್ಲಿ ಇಷ್ಟೆಲ್ಲ ಆಯ್ತು ನೋಡಿ."

ಬೆಡ್‌ಶೀಟಿನಲ್ಲೇ ಸುತ್ತಿ, ಮೂವರೂ ಹಿಡಿದು, ಮುಂಬಾಗಿಲ ಮೆಟ್ಟಿಲು ಇಳಿಸಿದರು. ಕಾದಿದ್ದ ಟ್ಯಾಕ್ಸಿಯವನು ಮೇಲೆ ಕಟ್ಟೋಣ ಎಂದ. ಮೇಷ್ಟ್ರು ಅವನನ್ನು ನೋಡಿದ ನೋಟಕ್ಕೆ ಮಾತು ನುಂಗಿಕೊಂಡ. ಚಿತ್ರವನ್ನು ಓರೆಯಾಗಿ ತೂರಿಸಿದ ಮೇಲೆ ಹಿಂದಿನ ಸೀಟಿನಲ್ಲಿ ಅಮ್ಮನಿಗೆ ಮಾತ್ರ ಜಾಗ ಉಳಿಯಿತು. ಮೇಷ್ಟ್ರು ಮುಂದೆ ಕೂತರು. ಹೊರಡುವಾಗ ಕಿಟಕಿಯಿಂದ ಕೈ ಚಾಚಿ ಅವಳ ತಲೆ ಮುಟ್ಟಿದರು. "ಆ ಹತ್ತು ಅಂಕ..." ಎಂದರು. ಟ್ಯಾಕ್ಸಿ ಹೊರಟಿತು.

ಅವಳು ಗೇಟಿನಲ್ಲೇ ನಿಂತಿದ್ದಳು. ಗಂಡನಿಗೆ ಫೋನು ಮಾಡಿ ಹೇಳಬೇಕು ಅನ್ನಿಸಿತು, ಆದರೆ ಇನ್ನೂ ಸ್ವಲ್ಪ ಹೊತ್ತು ಇದು ತನ್ನೊಬ್ಬಳದೇ ಆಗಿರಲಿ ಎಂದೂ ಅನ್ನಿಸಿತು. ಎದೆ ಹಗುರಾಗಿತ್ತು, ಬೆಳಗಿನಿಂದ ತಿಂಡಿ ತಿಂದಿಲ್ಲವೆಂಬುದು ಈಗ ನೆನಪಾಯಿತು.

ಬೀದಿಯ ತಿರುವಿನಲ್ಲಿ ಟ್ಯಾಕ್ಸಿ ನಿಂತಿತು. ಮುಂದಿನ ಬಾಗಿಲು ತೆರೆಯಿತು. ಮೇಷ್ಟ್ರು ಇಳಿದರು, ಮಂಡಿ ಹಿಡಿದುಕೊಂಡು ಹಿಂದಕ್ಕೆ ಬಂದರು, ಇನ್ನೊಂದು ಬದಿಯ ಬಾಗಿಲು ತೆಗೆದು ಒಳಗೆ ಏನೋ ಹೇಳಿದರು. ಬೆಡ್‌ಶೀಟಿನ ಬಿಳಿ ಅಂಚು ಸ್ವಲ್ಪ ಸರಿಯಿತು. ಅವರು ಮೊದಲು ಒಂದು ಕಾಲು, ಆಮೇಲೆ ತಲೆ ತಗ್ಗಿಸಿ ಮೈ, ಕೊನೆಗೆ ಇನ್ನೊಂದು ಕಾಲು ಒಳಗೆಳೆದುಕೊಂಡು, ಆ ಇಕ್ಕಟ್ಟಿನಲ್ಲೇ ಕೂತು ಬಾಗಿಲು ಹಾಕಿಕೊಂಡರು.